ಕುಡುಕನ ಮನೆಗೆ ಪ್ರಾರ್ಥನೆಗೆ ಹೋಗುವ ವಿಶ್ವಾಸಿಗಳಿಗೆ

ಕೊರಿಂಥದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯವನ್ನು ನಮ್ಮ ಸಭೆಗಳಲ್ಲಿ ಅರ್ಧ ಮಾತ್ರ ಓದುತ್ತೇವೆ. ಕುಡುಕನ ಜೊತೆ ಊಟಕ್ಕೂ ಕೂರಬೇಡಿ ಎಂಬ 11ನೇ ವಚನ ಬಹಳ ಜನಕ್ಕೆ ಬಾಯಿಪಾಠ. ಆದರೆ ಪೌಲ ಅದನ್ನು ಹೇಳಿದ್ದು ಸಹೋದರ ಅನ್ನಿಸಿಕೊಂಡವನ ಬಗ್ಗೆ. ಅದರ ಹಿಂದಿನ ವಚನದಲ್ಲೇ, ಲೋಕದವರನ್ನೆಲ್ಲ ಹೀಗೆ ದೂರ ಇಡಲು ಹೊರಟರೆ ಲೋಕವನ್ನೇ ಬಿಟ್ಟು ಹೋಗಬೇಕಾದೀತು ಎನ್ನುತ್ತಾನೆ. 12ರಲ್ಲಂತೂ ನೇರವಾಗಿ, ಹೊರಗಿನವರ ತೀರ್ಪು ನನಗೇಕೆ ಎಂದು ಕೇಳುತ್ತಾನೆ. ನಾವು ಮಾಡುವುದು ಉಲ್ಟಾ. ಕಮಿಟಿ ಮೆಂಬರ್ ಕುಡಿದರೆ ಅದು ‘ಬಲಹೀನತೆ’, ಪಕ್ಕದ ಬೀದಿಯವನು ಕುಡಿದರೆ ‘ಸೈತಾನನ ಬಂಧನ’.

ತೀರ್ಪು ಬರೀ ಮಾತಲ್ಲಿ ಇದ್ದರೆ ಹೋಗಲಿ ಅನ್ನಬಹುದಿತ್ತು. ಅದು ಜೀವಕ್ಕೂ ಕುತ್ತು ತರುತ್ತದೆ. ವರ್ಷಗಟ್ಟಲೆ ದಿನವೂ ಕುಡಿದವನ ಕೈಯನ್ನು ಬೈಬಲ್ ಮೇಲೆ ಇಡಿಸಿ, ‘ಇವತ್ತಿನಿಂದ ಒಂದು ಹನಿಯೂ ಮುಟ್ಟಲ್ಲ’ ಎಂದು ಆಣೆ ಮಾಡಿಸಿ ಬರುತ್ತೇವೆ. ಕೊನೆಯ ಪೆಗ್ ಇಳಿದ ಆರೆಂಟು ಗಂಟೆಗೆ ಕೈ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಹೊತ್ತು ಯಾವುದು, ಎದುರಿಗಿರುವವರು ಯಾರು ಅನ್ನುವುದೂ ತಿಳಿಯುವುದಿಲ್ಲ. ಮೆದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಅದು ಏಕಾಏಕಿ ನಿಂತಾಗ ಹಿಡಿತ ತಪ್ಪುತ್ತದೆ, ಅಷ್ಟೆ. ಇದನ್ನು ದೆವ್ವ ಅಂದುಕೊಂಡು ರಾತ್ರಿಯಿಡೀ ಬಿಡುಗಡೆ ಪ್ರಾರ್ಥನೆ ಮಾಡಿದರೆ ಆಸ್ಪತ್ರೆ ಸೇರಬೇಕಾದ ಹೊತ್ತು ಕಳೆದುಹೋಗುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣವೇ ಹೋಗಬಹುದು. ಫಿಟ್ಸ್ ಅಥವಾ ಗೊಂದಲ ಕಂಡ ತಕ್ಷಣ 108ಕ್ಕೆ ಫೋನ್ ಮಾಡಿ, ಪ್ರಾರ್ಥನೆ ಆಂಬುಲೆನ್ಸ್‌ನಲ್ಲೂ ಆಗುತ್ತದೆ.

ಹಾಗಾಗಿ ಆಣೆಗಿಂತ ಮೊದಲು ಡಾಕ್ಟರು. ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿತ್ತಾ ಅಂತ ಕೇಳಿ, ಬಂದಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಅವರು ನಡುಕ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ ಕೊಡುತ್ತಾರೆ, ಜೊತೆಗೆ ಥಯಾಮಿನ್ ಅಂದರೆ ಬಿ1 ವಿಟಮಿನ್. ಆ ವಾರದಲ್ಲಿ ಉಪವಾಸ ಪ್ರಾರ್ಥನೆಗೆ ಅವನನ್ನು ಕೂರಿಸಬೇಡಿ. ಮೊದಲೇ ಸರಿಯಾಗಿ ಊಟ ಇಲ್ಲದ ದೇಹ ಅದು. ಬೆಂಗಳೂರಿನ ಸುತ್ತ ಇರುವವರಿಗೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ದೂರದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೆಂಡತಿಯನ್ನು ಬೇರೆಯಾಗಿ ಮಾತಾಡಿಸಿ, ಹೆಂಗಸರೇ ಹೋಗಿ ಮಾತಾಡಿಸಲಿ. ಹೊಡೆತ ಇದ್ದರೆ ‘ಸಹಿಸಿಕೋ ತಾಯಿ, ಕರ್ತನು ನೋಡಿಕೊಳ್ಳುತ್ತಾನೆ’ ಅನ್ನಬೇಡಿ. 181 ಮಹಿಳಾ ಸಹಾಯವಾಣಿ, ನಂಬರ್ ಬರೆದುಕೊಟ್ಟು ಬನ್ನಿ.

ಇನ್ನು ನಮ್ಮ ವಾಟ್ಸಾಪ್ ಪ್ರಾರ್ಥನಾ ಗ್ರೂಪು. ‘ಇಂಥ ಬೀದಿಯ ಇಂಥವರ ಕುಡಿತಕ್ಕಾಗಿ ಪ್ರಾರ್ಥಿಸಿರಿ’ ಎಂದು ಹಾಕಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಚಾಡಿಗೆ ಆಮೆನ್ ಸೇರಿಸಿದರೂ ಅದು ಚಾಡಿಯೇ. ಅವನು ಒಪ್ಪದೆ ಹೆಸರು ಬೇಡ. ರೇಷನ್ ಕೊಡುವಾಗ ಫೋಟೋ ಬೇಡ, ಭಾನುವಾರ ಸಭೆಗೆ ಬರಬೇಕೆಂಬ ಷರತ್ತಂತೂ ಬೇಡವೇ ಬೇಡ. ಯೇಸು ಹೇಳಿದ ಕಥೆಯಲ್ಲಿ ದರೋಡೆಯಾಗಿ ಬಿದ್ದವನಿಗೆ ಸಮಾರ್ಯದವನು ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ, ಚತ್ರದವನಿಗೆ ಎರಡು ದಿನದ ಕೂಲಿಯಷ್ಟು ಹಣ ಕೊಟ್ಟ, ಹೆಚ್ಚಿಗೆ ಖರ್ಚಾದರೆ ವಾಪಸ್ ಬಂದಾಗ ಕೊಡುತ್ತೇನೆಂದ. ನೀನು ಯಾವ ಮತದವನು, ಆ ದಾರಿಯಲ್ಲಿ ಒಬ್ಬನೇ ಯಾಕೆ ಹೋದೆ ಎಂದು ಕೇಳಿದ್ದಾಗಿ ಲೂಕನು ಎಲ್ಲೂ ಬರೆದಿಲ್ಲ.

ಬಿಟ್ಟವರು ಮತ್ತೆ ಕುಡಿಯುವುದು ಬಹಳ ಸಾಮಾನ್ಯ. ಎರಡನೇ ಸಲ ನಾವು ಹೋಗುವುದಿಲ್ಲ, ಸಾಕ್ಷಿ ಹೇಳಿಸಿ ಮೈಕ್ ಕೊಟ್ಟಿದ್ದೆವಲ್ಲ, ನಮಗೇ ಮುಜುಗರ. ಅದಕ್ಕೇ ಮೊದಲ ತಿಂಗಳಲ್ಲೇ ವೇದಿಕೆ ಹತ್ತಿಸಬಾರದು.

ಸಭೆಗೆ ಹಾಲ್ ಇದ್ದರೆ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಿಗೆ ವಾರಕ್ಕೊಂದು ಸಂಜೆ ಬಿಟ್ಟುಕೊಡಿ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಗುಂಪಿಗೆ ಸೇರಲು ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು, ಶುಲ್ಕವಿಲ್ಲ, ಮತ ಕೇಳುವುದಿಲ್ಲ. ಹೊರಗಿನವರ ದೇಣಿಗೆ ಪಡೆಯಬಾರದೆಂಬುದು ಅವರ ನಿಯಮ, ಆದ್ದರಿಂದ ಪುಕ್ಕಟೆ ಕೊಡುತ್ತೇವೆಂದು ಹಟ ಹಿಡಿಯದೆ ಸಣ್ಣ ಬಾಡಿಗೆ ತೆಗೆದುಕೊಳ್ಳಿ. ಕೂಟ ನಡೆಸುವವರ ಕೈಗೇ ಕೀಲಿ ಕೊಡಿ. ಗೇಟಿನ ಬಳಿ ನಿಂತು ಯಾರ್ಯಾರು ಬಂದರು ಅಂತ ನೋಡುವ ಅಭ್ಯಾಸದ ಹಿರಿಯರಿಗೆ ಆ ಸಂಜೆ ಬೇರೆ ಏನಾದರೂ ಕೆಲಸ ಹುಡುಕಿಕೊಡಿ.