ಹ್ಯಾಂಡಲ್ ಮೇಲಿನ ಹವಾಮಾನ ಇಲಾಖೆ

ಚಿಕ್ಕಮಗಳೂರಿನಲ್ಲಿ ಅಳತೆಯ ಮರ್ಯಾದೆ ಇರುವುದು ಮಳೆಗೆ ಮಾತ್ರ. ತೋಟದ ಮನೆಯ ಅಂಗಳದಲ್ಲೊಂದು ಮಳೆಮಾಪಕ, ಒಳಗೆ ತಾತನ ಕಾಲದಿಂದ ಬರೆದುಕೊಂಡು ಬಂದ ದಪ್ಪ ರಟ್ಟಿನ ಪುಸ್ತಕ ಇರುತ್ತವೆ. ಮಾರ್ಚ್ ಕಳೆದ ಮೇಲೆ ಇಬ್ಬರು ಬೆಳೆಗಾರರು ಎದುರುಬದುರಾದರೆ ಕ್ಷೇಮಸಮಾಚಾರಕ್ಕಿಂತ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?" ಎಂಬ ಪ್ರಶ್ನೆ ಬರುತ್ತದೆ. ನೂರು ಸೆಂಟಿಗೆ ಒಂದು ಇಂಚು ಎಂಬ ಈ ಲೆಕ್ಕದ ಮೇಲೆಯೇ ಕಾಫಿಯ ಹೂವು, ಕಾಯಿ, ಬ್ಯಾಂಕಿನ ಸಾಲ, ಮಗಳ ಮದುವೆ ಎಲ್ಲವೂ ನಿಂತಿರುವ ಊರಿನಲ್ಲಿ ಡಿಗ್ರಿ ಸೆಲ್ಸಿಯಸ್ಸನ್ನು ಕೇಳುವವರಿಲ್ಲ. ಅಂಥ ಊರಿನಲ್ಲಿ ನಾನು ನನ್ನ ಬೈಕಿಗೆ ಒಂದು ಪುಟ್ಟ ಡಿಜಿಟಲ್ ಥರ್ಮಾಮೀಟರ್ ಕಟ್ಟಿಸಲು ಹೊರಟಾಗ ಮೆಕ್ಯಾನಿಕ್, ಪಕ್ಕದ ಮನೆಯವರು, ಪೆಟ್ರೋಲ್ ಬಂಕಿನ ಹುಡುಗ ಎಲ್ಲರೂ "ಯಾಕೆ, ಗಾಡಿಗೆ ಜ್ವರವಾ?" ಎಂದೇ ಕೇಳಿದರು, ಪ್ರತಿಯೊಬ್ಬರೂ ಆ ಮಾತು ತಮಗೇ ಮೊದಲು ಹೊಳೆದಂತೆ ನಕ್ಕರು.

ನನ್ನ ಕಾರಣ ಮಾತ್ರ ಗಟ್ಟಿಯಾಗಿತ್ತು. ಈ ಜಿಲ್ಲೆಯಲ್ಲಿ ಬೆಳಿಗ್ಗೆ ಕಡೂರಿನ ಬಯಲಿನಲ್ಲಿ ಬೆವರಿದವನು ಮಧ್ಯಾಹ್ನ ಗಿರಿಯ ಮೇಲೆ ನಡುಗಿ, ಸಂಜೆ ಚಾರ್ಮಾಡಿ ಘಾಟಿ ಇಳಿದು ಮತ್ತೆ ಬೆವರಬಹುದು. ಜರ್ಕಿನ್ ಹಾಕಬೇಕೇ, ತೆಗೆಯಬೇಕೇ ಎಂಬ ವಿಷಯದಲ್ಲಿ ಹಿಂದೆ ಕುಳಿತ ನನ್ನ ಹೆಂಡತಿಗೂ ನನಗೂ ಹೊಂದಾಣಿಕೆಯಾದದ್ದು ಅಪರೂಪವಾದ್ದರಿಂದ, ಪಕ್ಷಪಾತವಿಲ್ಲದ ಮೂರನೆಯವರೊಬ್ಬರು ಗಾಡಿಯ ಮೇಲಿರುವುದು ಒಳ್ಳೆಯದೆಂದು ನನಗೆ ಅನ್ನಿಸಿತ್ತು.

ಈ ಮೂರನೆಯವರು ಸಿಕ್ಕಿದ್ದು ಅಕ್ವೇರಿಯಂ ಅಂಗಡಿಯಲ್ಲಿ. ಮೀನಿನ ತೊಟ್ಟಿಗೂ ಫ್ರಿಜ್ಜಿಗೂ ಹಾಕುವ ಬೆಂಕಿಪೊಟ್ಟಣದಷ್ಟು ಗಾತ್ರದ ಸಾಧನ ಅದು: ಎದುರಿಗೆ ಬೂದುಬಣ್ಣದ ಎಲ್‌ಸಿಡಿ ಪರದೆ, ಹಿಂದೆ ಎರಡು ಎಲ್‌ಆರ್44 ಬಟನ್ ಸೆಲ್ಲುಗಳು, ಅಲ್ಲಿಂದ ಹೊರಟ ಒಂದು ಮೀಟರ್ ಕಪ್ಪು ವೈರು, ಅದರ ತುದಿಯಲ್ಲಿ ಸೆನ್ಸರ್. ಆ ತುದಿಯೊಳಗಿನ ಥರ್ಮಿಸ್ಟರ್ ಬಿಸಿಯಾದಷ್ಟೂ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ; ಸಾಧನ ಆ ರೋಧವನ್ನು ಅಳೆದು ಡಿಗ್ರಿಗೆ ಪರಿವರ್ತಿಸಿ ತೋರಿಸುತ್ತದೆ. ಮೈನಸ್ 50ರಿಂದ 110 ಡಿಗ್ರಿಯವರೆಗೆ ಅಳೆಯಬಲ್ಲೆನೆಂದು ಅದರ ಪೊಟ್ಟಣ ಹೇಳಿಕೊಂಡಿತ್ತು. ಕಡೂರಿಗೂ ಗಿರಿಯ ಮೇಲಿನ ಅತ್ತಿಗುಂಡಿಗೂ ಮಧ್ಯೆ ಓಡಾಡುವವನಿಗೆ ಇಷ್ಟು ಧಾರಾಳವಾಗಿ ಸಾಕು.

ಗಾಡಿಗೆ ಕಟ್ಟುವ ಮೊದಲು ಅದರ ಪ್ರಾಮಾಣಿಕತೆಯನ್ನು ಪರೀಕ್ಷಿಸುವುದು ನ್ಯಾಯವಾಗಿತ್ತು. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಬೆರೆಸಿ ಕಲಕಿದರೆ, ಐಸು ಪೂರ್ತಿ ಕರಗುವವರೆಗೂ ಆ ಮಿಶ್ರಣ ಸೊನ್ನೆ ಡಿಗ್ರಿಯಲ್ಲೇ ಇರುತ್ತದೆ. ಅಡುಗೆಮನೆಯ ಸ್ಟೀಲ್ ಲೋಟದಲ್ಲಿ ಆ ಏರ್ಪಾಡು ಮಾಡಿ ಸೆನ್ಸರನ್ನು ಇಳಿಬಿಟ್ಟೆ. ಅಂಕಿ ಸರಸರನೆ ಇಳಿದು 0.7ಕ್ಕೆ ಬಂದು ಅಲ್ಲಿಯೇ ಕುಳಿತಿತು. ಒಂದು ಡಿಗ್ರಿ ಆಚೀಚೆ ಆಗಬಹುದೆಂದು ಪೊಟ್ಟಣದ ಮೇಲೆಯೇ ಅಚ್ಚಾಗಿದ್ದುದರಿಂದ ಈ 0.7ನ್ನು ನಾನು ಗೌರವದಿಂದಲೇ ಸ್ವೀಕರಿಸಿ, ಇನ್ನು ಮುಂದೆ ತೋರಿಸಿದ್ದರಲ್ಲಿ ಅಷ್ಟನ್ನು ಕಳೆದರಾಯಿತೆಂದು ಗಟ್ಟಿಯಾಗಿ ಹೇಳಿಕೊಂಡೆ. ಪಕ್ಕದಲ್ಲಿ ಕೊತ್ತಂಬರಿ ಬಿಡಿಸುತ್ತಿದ್ದ ಹೆಂಡತಿ, "ಐಸು ತಣ್ಣಗಿದೆ ಅಂತ ತಿಳಿಯೋದಕ್ಕೆ ಇನ್ನೂರು ರೂಪಾಯಿ ಕೊಟ್ರಾ?" ಎಂದು ಕೇಳಿದಳೇ ಹೊರತು ಆ 0.7ರ ಬಗ್ಗೆ ಏನೂ ಹೇಳಲಿಲ್ಲ.

ಮೆಕ್ಯಾನಿಕ್ ಪರದೆಯನ್ನು ಹ್ಯಾಂಡಲಿಗೆ ಕೂರಿಸಿ, ಕಣ್ಣಿಗೆ ಕಾಣದಿರಲೆಂದು ವೈರನ್ನು ಟ್ಯಾಂಕಿನ ಅಡಿಯಲ್ಲಿ ಎಳೆದು, ಸೆನ್ಸರನ್ನು ಎಂಜಿನ್ನಿನ ಬಳಿ ಅಚ್ಚುಕಟ್ಟಾಗಿ ಕೇಬಲ್ ಟೈ ಹಾಕಿ ಬಿಗಿದ. ಹನುಮಂತಪ್ಪ ವೃತ್ತದಲ್ಲಿ ವಾಹನಗಳ ಸಾಲಿನಲ್ಲಿ ನಿಂತಾಗ ಉಷ್ಣಾಂಶ 34 ಇದ್ದದ್ದು 38 ಆಯಿತು, 41 ಆಯಿತು, 46 ಆಯಿತು. ಅತ್ತ ಫುಟ್‌ಪಾತಿನ ಮೇಲೆ ಹಿರಿಯರೊಬ್ಬರು ಸ್ವೆಟರ್ ತೊಟ್ಟು ನಡೆದುಹೋಗುತ್ತಿದ್ದರು. ಥರ್ಮಾಮೀಟರ್ ಸುಳ್ಳು ಹೇಳುವ ಜಾತಿಯದಲ್ಲ. ಆದರೆ ಅದು ಹೇಳುವುದು ತನ್ನ ತುದಿಯ ಸುದ್ದಿಯನ್ನು ಮಾತ್ರ, ಊರ ಸುದ್ದಿ ಅದಕ್ಕೆ ಬೇಕಿಲ್ಲ. ಅಲ್ಲಿಂದ ಬಿಚ್ಚಿಸಿ ಹೆಡ್‌ಲೈಟಿನ ಹಿಂದೆ ಕಟ್ಟಿಸಿದರೆ ರಾತ್ರಿ ಬಲ್ಬಿನ ಸುದ್ದಿ ಬಂತು. ಕನ್ನಡಿಯ ಕಡ್ಡಿಗೆ ಕಟ್ಟಿಸಿದರೆ ಕಪ್ಪು ತುದಿ ಬಿಸಿಲು ಕುಡಿದು ಗಾಳಿಗಿಂತ ಬಿಸಿಯಾಯಿತು.

ಈ ತೊಂದರೆ ಹಳೆಯದು. 1864ರಲ್ಲಿಯೇ ಥಾಮಸ್ ಸ್ಟೀವನ್‌ಸನ್ ಎಂಬ ಸ್ಕಾಟ್‌ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಇದಕ್ಕೊಂದು ಪರಿಹಾರ ಕೊಟ್ಟಿದ್ದ: ಬಿಳಿ ಬಣ್ಣ ಬಳಿದ, ಸುತ್ತಲೂ ಓರೆಪಟ್ಟಿಗಳ ಸಂದಿಯಿಂದ ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ ಥರ್ಮಾಮೀಟರನ್ನು ನೆರಳಿನಲ್ಲಿಡುವುದು. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಇವನ ಮಗ. ಹವಾಮಾನ ಕೇಂದ್ರಗಳ ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿರುವ ಬಿಳಿ ಪೆಟ್ಟಿಗೆ ಇದೇ. ಅದು ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡಬಾರದೆಂದು ಆ ಪುಣ್ಯಾತ್ಮ ಹೇಳಿದಂತಿಲ್ಲವಾದ್ದರಿಂದ, ಹಾರ್ಡ್‌ವೇರ್ ಅಂಗಡಿಯಿಂದ ಒಂದು ಬಿಳಿ ಪಿವಿಸಿ ಎಲ್ಬೋ, ಅಂದರೆ ನೀರಿನ ಪೈಪಿಗೆ ಹಾಕುವ ಬಾಗಿದ ತುಂಡು, ತಂದು ಅದರೊಳಗೆ ಸೆನ್ಸರನ್ನು ಎಲ್ಲಿಯೂ ತಾಗದಂತೆ ತೂಗಿಬಿಟ್ಟು, ಎಂಜಿನ್ನಿಗಿಂತ ಮುಂದೆ, ಕನ್ನಡಿಯ ಕೆಳಗೆ ಕಟ್ಟಿಸಿದೆ. ಉಷ್ಣಾಂಶ ತಕ್ಷಣವೇ ಹದಕ್ಕೆ ಬಂತು. ಆದರೆ ಲಕ್ಷ ಲಕ್ಷ ಕೊಟ್ಟು ತಂದ ಗಾಡಿ ಬಚ್ಚಲಮನೆಯ ನೆಂಟಸ್ತನ ಮಾಡಿದಂತೆ ಕಾಣತೊಡಗಿತು. ಕೈಮರದ ಚೆಕ್‌ಪೋಸ್ಟಿನಲ್ಲಿ ಕಾವಲಿನವನು ಅದನ್ನು ಬಗ್ಗಿ ನೋಡಿ, "ನೀರು ಎಲ್ಲಿಂದ ಬರುತ್ತೆ ಸಾರ್?" ಎಂದು ವಿನಯದಿಂದಲೇ ವಿಚಾರಿಸಿದ.

ಪರದೆಗೂ ಅದರದೇ ಆದ ಸ್ವಭಾವವಿತ್ತು. ನಾನು ಹಾಕುವ ತಂಪು ಕನ್ನಡಕ ಪೋಲರೈಸ್ಡ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಗೆ ಬಿಡುವಂಥದ್ದು. ಎಲ್‌ಸಿಡಿಯಿಂದ ಹೊರಡುವ ಬೆಳಕೂ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು. ಎರಡೂ ಅಡ್ಡಡ್ಡವಾದರೆ ಪರದೆ ಪೂರ್ತಿ ಕಪ್ಪು. ತಲೆಯನ್ನು ಬಲಕ್ಕೆ ಚೆನ್ನಾಗಿ ವಾಲಿಸಿದರೆ ಅಂಕಿಗಳು ಒಂದೊಂದಾಗಿ ಮೂಡುತ್ತಿದ್ದವು. ಬೇಲೂರು ರಸ್ತೆಯುದ್ದಕ್ಕೂ ಹೀಗೆ ಕತ್ತು ವಾಲಿಸಿ, ನೇರ ಮಾಡಿ, ಮತ್ತೆ ವಾಲಿಸಿ ಹೋಗುತ್ತಿದ್ದ ನನ್ನನ್ನು ಕಂಡ ಪರಿಚಿತರೊಬ್ಬರು ಮರುದಿನ ಮನೆಗೇ ಬಂದು, ಉಳುಕು ತೆಗೆಯುವವರ ವಿಳಾಸ ಕೊಟ್ಟು ಹೋದರು.

ಇಷ್ಟರ ಮಧ್ಯೆ ಗಾಡಿಯ ಬ್ಯಾಟರಿ ಕೈಕೊಟ್ಟಿತು. "ಎಲ್ಲಾ ನಿಮ್ಮ ಮೀಟರಿಂದಲೇ ಸಾರ್, ಕರೆಂಟ್ ಎಳೀತಿದೆ" ಎಂದು ಮೆಕ್ಯಾನಿಕ್ ತೀರ್ಪು ಕೊಟ್ಟ. ಮೀಟರಿಗೆ ಅದರದೇ ಬಟನ್ ಸೆಲ್ಲುಗಳಿವೆ, ಗಾಡಿಯ ಬ್ಯಾಟರಿಗೂ ಅದಕ್ಕೂ ಒಂದೆಳೆ ವೈರಿನ ಸಂಬಂಧವೂ ಇಲ್ಲವೆಂದು ನಾನು ಹಿಂಬದಿಯ ಮುಚ್ಚಳ ತೆಗೆದು ತೋರಿಸಿದೆ. ಅವನು ಸೆಲ್ಲುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಬಹಳ ಹೊತ್ತು ನೋಡಿ, "ಆದ್ರೂ..." ಎಂದ. ಆ "ಆದ್ರೂ"ಗೆ ಉತ್ತರ ಕೊಡುವಷ್ಟು ಭೌತಶಾಸ್ತ್ರ ಇನ್ನೂ ಬೆಳೆದಿಲ್ಲ. ಆಮೇಲೆ ಕ್ಲಚ್ ವೈರು ತುಂಡಾದದ್ದಕ್ಕೂ ಅವನು ಮೀಟರನ್ನೇ ಓರೆಗಣ್ಣಿನಿಂದ ನೋಡಿದ.

ನಿಜವಾದ ವ್ಯಾಜ್ಯ ನಡೆದದ್ದು ಗಿರಿಯ ದಾರಿಯಲ್ಲಿ. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ ಸುಮಾರು 1,925. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯಬೇಕೆಂಬ ಲೆಕ್ಕದ ಪ್ರಕಾರ ಮೇಲೆ ಐದೂವರೆ ಡಿಗ್ರಿಯಷ್ಟು ಕಡಿಮೆಯಾಗಬೇಕು. ಊರಿನಲ್ಲಿ 23.9 ತೋರಿಸುತ್ತಿದ್ದ ಮೀಟರ್ ತಿರುವುಗಳನ್ನು ಹತ್ತುತ್ತಾ ಹತ್ತುತ್ತಾ ಇಳಿಯುತ್ತಿದ್ದುದನ್ನು ನಾನು ಹೆಮ್ಮೆಯಿಂದ ವರದಿ ಮಾಡುತ್ತಿದ್ದೆ. "ಹತ್ತೊಂಬತ್ತೂವರೆ" ಎಂದಾಗ ಹಿಂದಿನಿಂದ, "ಹತ್ತು ಕೂಡ ಇಲ್ಲ, ನನ್ನ ಕಿವಿ ಮುಟ್ಟಿ ನೋಡಿ" ಎಂಬ ಉತ್ತರ ಬಂತು. ಮೈಗೆ ಅಂಟಿಕೊಂಡ ಬೆಚ್ಚನೆಯ ಗಾಳಿಯ ಪದರವನ್ನು ಎದುರುಗಾಳಿ ಕಿತ್ತೊಯ್ಯುವುದರಿಂದ ಚಳಿ ಹೆಚ್ಚಾಗಿ ತಟ್ಟುತ್ತದೆ, ಒಣಗಿದ ಸೆನ್ಸರಿಗೆ ಮೈಶಾಖವೇ ಇಲ್ಲವಾದ್ದರಿಂದ ಅದಕ್ಕೆ ಆ ಬಾಧೆಯಿಲ್ಲ ಎಂದು ನಾನು ಹೆಲ್ಮೆಟ್ಟಿನೊಳಗಿಂದಲೇ ವಿವರಿಸಿದೆ. "ಹಾಗಾದ್ರೆ ಜರ್ಕಿನ್ ಸೆನ್ಸರಿಗಾ, ನನಗಾ?" ಎಂಬ ಪ್ರಶ್ನೆಗೆ ಗಾಡಿ ನಿಲ್ಲಿಸುವುದೊಂದೇ ಉತ್ತರವಾಗಿತ್ತು.

ಚಾರ್ಮಾಡಿಯಲ್ಲಿಯೂ ಇದೇ ಕಥೆ, ದಿಕ್ಕು ಮಾತ್ರ ಬೇರೆ. ಕೊಟ್ಟಿಗೆಹಾರದಲ್ಲಿ 26 ಇದ್ದದ್ದು ಘಾಟಿಯ ಬುಡಕ್ಕೆ ಇಳಿಯುವಷ್ಟರಲ್ಲಿ 31 ಆಗಿತ್ತು. ಕಡೂರಿನಲ್ಲಿ 31 ಎಂದರೆ ಮರದ ನೆರಳು ಸಿಕ್ಕರೆ ಸಾಕು. ಘಾಟಿಯ ಕೆಳಗಿನ ಉಜಿರೆಯಲ್ಲಿ 31 ಎಂದರೆ ಬೆವರು ಆರಲು ಗಾಳಿಯಲ್ಲಿ ಜಾಗವೇ ಇರುವುದಿಲ್ಲ. ತೇವದ ಲೆಕ್ಕ ಈ ಮೀಟರಿಗೆ ಗೊತ್ತಿಲ್ಲ. ಗೊತ್ತಾಗುವುದೇನಿದ್ದರೂ ಸೆನ್ಸರ್ ನೆನೆದಾಗ: ಮಳೆ ನಿಂತು ಬಿಸಿಲು ಬಂದರೆ ತುದಿಯ ನೀರು ಆವಿಯಾಗುತ್ತಾ ಗಾಳಿಗಿಂತ ಕೆಲವು ಡಿಗ್ರಿ ಕಡಿಮೆ ತೋರಿಸುತ್ತದೆ. ಜುಲೈನಲ್ಲಿ ಅತ್ತಿಗುಂಡಿಯ ಮಂಜಿನಲ್ಲಿ ಮಾತ್ರ ಆವಿಯಾಗಲು ಅವಕಾಶವೇ ಇಲ್ಲದ್ದರಿಂದ ಒದ್ದೆ ಸೆನ್ಸರೂ ಸರಿಯಾದ ಅಂಕಿಯನ್ನೇ ಕೊಡುತ್ತದೆ. ಆದರೆ ಆ ಮಂಜಿನಲ್ಲಿ ಪರದೆಯಿರಲಿ, ಹ್ಯಾಂಡಲೇ ಕಾಣುವುದಿಲ್ಲ.

ಅಂದು ಮುಳ್ಳಯ್ಯನಗಿರಿಯ ಮೆಟ್ಟಿಲ ಬುಡದಲ್ಲಿ ಗಾಡಿ ನಿಲ್ಲಿಸಿ, ಕನ್ನಡಕ ತೆಗೆದು, ಕತ್ತು ನೇರವಾಗಿಟ್ಟುಕೊಂಡೇ ಪರದೆ ನೋಡಿದೆ: 18.4. ಲೆಕ್ಕಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಐದೂವರೆ ಡಿಗ್ರಿ. ಈ ಸಾಧನೆಯನ್ನು ಘೋಷಿಸಲು ಹಿಂದಿರುಗುವಷ್ಟರಲ್ಲಿ, ನನ್ನ ಜರ್ಕಿನ್ನಿನ ಜಿಪ್ಪನ್ನು ತನ್ನ ಗಲ್ಲದವರೆಗೂ ಎಳೆದುಕೊಳ್ಳುತ್ತಿದ್ದ ಹೆಂಡತಿ ಹೇಳಿದಳು: "ರೀ, ಅದರಲ್ಲಿ ಪಾಯಿಂಟ್ ಏಳು ಕಳೆದಿಲ್ಲ ನೀವು."