ಕ್ಷಯದ ಮದ್ದು: ರೋಗಾಣುವಿಗಷ್ಟೇ ಸಾಕೇ, ಅದು ಹೊಕ್ಕ ಕೋಶಕ್ಕೂ ಬೇಕೇ?

ಪರ: ಕೋಶ ಹೇಗೆ ಸಾಯುತ್ತದೆ ಎಂಬುದೇ ಮುಖ್ಯ

ಕ್ಷಯದ ರೋಗಾಣುವನ್ನು ಮ್ಯಾಕ್ರೋಫೇಜ್ ಎಂಬ ಪ್ರತಿರಕ್ಷೆಯ ಕೋಶ ನುಂಗುತ್ತದೆ. ನುಂಗಿದ್ದು ಸೇರುವ ಚೀಲ, ಅರಗಿಸುವ ಕಿಣ್ವಗಳಿರುವ ಲೈಸೊಸೋಮ್ ಎಂಬ ಚೀಲದ ಜೊತೆ ಕೂಡಿ, ಪಿಹೆಚ್ 5ರ ಆಸುಪಾಸಿಗೆ ಇಳಿದು (ಪಿಹೆಚ್ ಇಳಿದಷ್ಟೂ ಆಮ್ಲ ಹೆಚ್ಚು), ಒಳಗಿದ್ದುದನ್ನು ಅರಗಿಸಬೇಕು. ರೋಗಾಣು ಆ ಕೂಡಿಕೆಯನ್ನೇ ತಡೆಯುತ್ತದೆ, ಚೀಲ ಪಿಹೆಚ್ 6.2ರ ಸುತ್ತ ನಿಂತುಬಿಡುತ್ತದೆ. ಆಮ್ಲದಲ್ಲಿ ಚುರುಕಾಗುವ ಕ್ಷಯದ ಔಷಧ ಪೈರಾಜಿನಮೈಡ್‌ಗೆ ಅಲ್ಲಿ ಪೂರ್ತಿ ಬಲ ಸಿಗುವುದಿಲ್ಲ.

ಮುಂದಿನದು ಇನ್ನೂ ಗಂಭೀರ. ಸೋಂಕು ತಗುಲಿದ ಕೋಶ ಅಪೊಪ್ಟೋಸಿಸ್‌ನಿಂದ ಸತ್ತರೆ ಪೊರೆ ಹರಿಯದೆ ಮುದುಡುತ್ತದೆ, ರೋಗಾಣು ಒಳಗೇ ಸಿಕ್ಕಿಬೀಳುತ್ತದೆ, ಪಕ್ಕದ ಕೋಶ ಎಲ್ಲವನ್ನೂ ನುಂಗಿ ಅರಗಿಸುತ್ತದೆ. ನೆಕ್ರೋಸಿಸ್‌ನಿಂದ ಸತ್ತರೆ ಒಡೆದು ರೋಗಾಣುವನ್ನು ಹೊರಗೆ ಚೆಲ್ಲುತ್ತದೆ. ರೋಗಾಣುವಿಗೆ ಬೇಕಾದದ್ದು ಎರಡನೆಯದು. ನುವೋಜಿ ಎಂಬ ಪ್ರೋಟೀನಿನಿಂದ ಅದು ಅಪೊಪ್ಟೋಸಿಸ್ ತಡೆಯುತ್ತದೆ. ಇಎಸ್‌ಎಕ್ಸ್-1 ಎಂಬ ಸ್ರಾವವ್ಯವಸ್ಥೆಯ ನೆರವಿನಿಂದ ಚೀಲದ ಪೊರೆ ತೂತಾಗುತ್ತದೆ. ಟಿಎನ್‌ಟಿ ಎಂಬ ವಿಷ ಕೋಶರಸಕ್ಕಿಳಿದು, ಕೋಶದ ಶಕ್ತಿಗೆ ಬೇಕಾದ ಎನ್‌ಎಡಿ ಅಣುಗಳನ್ನು ತುಂಡರಿಸುತ್ತದೆ. ಎನ್‌ಎಡಿ ಬರಿದಾದ ಕೋಶ ಒಡೆಯುತ್ತದೆ. ಬಿಸಿಜಿ ತಳಿಯಲ್ಲಿ ಇಎಸ್‌ಎಕ್ಸ್-1ರ ಮುಖ್ಯ ಜೀನುಗಳೇ ಇಲ್ಲ. ಅದನ್ನು ಲಸಿಕೆಯಾಗಿ ಕೊಡಲು ಆಗುತ್ತಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಜಗ್ಗದ ರೋಗಾಣುವೂ ಬದುಕುವುದು ಇದೇ ಕೋಶದಲ್ಲಿ. ಕೋಶಕ್ಕೆ ಕೊಡುವ ಮದ್ದಿಗೆ ಆ ಪ್ರತಿರೋಧ ಅಡ್ಡಬರುವುದಿಲ್ಲ. ಮಿದುಳುಪೊರೆಯ ಕ್ಷಯಕ್ಕೆ ಕೊಡುವ ಡೆಕ್ಸಾಮೆಥಸೋನ್ ಪ್ರತಿರಕ್ಷೆಯ ಉರಿಯೂತ ತಗ್ಗಿಸುವ ಸ್ಟೀರಾಯ್ಡ್, ರೋಗಾಣುವನ್ನು ಕೊಲ್ಲುವುದಿಲ್ಲ. ಆದರೂ 14 ವರ್ಷ ದಾಟಿದವರ ಮೇಲೆ ವಿಯೆಟ್ನಾಂನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಾವು ಕಡಿಮೆಯಾಯಿತು. ಪ್ರತಿರಕ್ಷೆಯನ್ನು ಮುಟ್ಟಲೇಬಾರದು ಎನ್ನುವವರು ಹಾಗಾದರೆ ಇದನ್ನೂ ನಿಲ್ಲಿಸುತ್ತಾರೆಯೇ? ಜೀವಂತ ರೋಗಾಣುವಿನ ಮೇಲೆ ಕೆಲಸ ಮಾಡುವ ಸುರಕ್ಷಿತ ಪ್ರಯೋಗಾಲಯ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ. ಹಣ ಇಂಥ ಕೆಲಸಕ್ಕೆ ಬರಲಿ.

ವಿರೋಧ: ಮೊದಲು ಮಾತ್ರೆ ತಪ್ಪದಿರಲಿ

ಕೋಶದೊಳಗಿನ ಈ ವಿವರಗಳನ್ನು ನಾನು ಅಲ್ಲಗಳೆಯುವುದಿಲ್ಲ. ಅವುಗಳಿಂದ ಮದ್ದು ಹುಟ್ಟುತ್ತದೆ ಎಂಬ ಅವಸರಕ್ಕೆ ನನ್ನ ತಕರಾರು. ಟಿಎನ್‌ಎಫ್ ಎಂಬ ಪ್ರತಿರಕ್ಷೆಯ ಸಂಕೇತ ಕಡಿಮೆಯಾದರೆ ರೋಗಾಣು ಕೋಶದೊಳಗೆ ಬೆಳೆಯುತ್ತದೆ. ಅತಿಯಾದರೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಕೆರಳಿ ಕೋಶ ಒಡೆಯುತ್ತದೆ. ಜೀಬ್ರಾ ಮೀನಿನ ಕ್ಷಯದಲ್ಲಿ ಎರಡೂ ಕಂಡಿವೆ. ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧ ಪಡೆದವರಲ್ಲಿ ಅಡಗಿದ್ದ ಕ್ಷಯ ಎದ್ದದ್ದು 2001ರಲ್ಲೇ ವರದಿಯಾಗಿದೆ. ಜೊತೆಗೆ, ರಿಫಾಂಪಿಸಿನ್ ಯಕೃತ್ತಿನ ಸಿವೈಪಿ3ಎ4 ಕಿಣ್ವವನ್ನು ಹೆಚ್ಚಿಸುವುದರಿಂದ ಕೋಶಕ್ಕೆ ಕೊಡುವ ಮದ್ದಾಗಬಹುದೆಂದು ನೋಡುತ್ತಿರುವ ಸಿಮ್ವಾಸ್ಟ್ಯಾಟಿನ್, ಇಮ್ಯಾಟಿನಿಬ್‌ನಂಥವು ರಕ್ತದಲ್ಲಿ ತೀರಾ ಕಡಿಮೆಯಾಗುತ್ತವೆ. ಸಕ್ಕರೆ ಕಾಯಿಲೆಯ ಔಷಧ ಮೆಟ್‌ಫಾರ್ಮಿನ್ ಅನ್ನು ಕ್ಷಯದ ಚಿಕಿತ್ಸೆಗೆ ಸೇರಿಸಿದ ಭಾರತದ ಪರೀಕ್ಷೆಯಲ್ಲೂ ಕಫದಿಂದ ರೋಗಾಣು ಬೇಗ ಮಾಯವಾಗಲಿಲ್ಲ.

1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ರೂಪಿಸಿದ ಕಾರ್ಯಕ್ರಮದ ತಿರುಳು ಕಫ ಪರೀಕ್ಷೆ ಮತ್ತು ಮನೆಯಲ್ಲೇ ಚಿಕಿತ್ಸೆ. ಇಂದು 50ರಿಂದ 64 ಕೆಜಿ ತೂಗುವವರಿಗೆ ದಿನಕ್ಕೆ 4 ಮಾತ್ರೆ: 2 ತಿಂಗಳು ನಾಲ್ಕು ಔಷಧ, ಆಮೇಲೆ 4 ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಎಡವುವುದು ಇಲ್ಲೇ. ಕೆಮ್ಮು ಇಳಿದ ಕೂಡಲೇ ಮಾತ್ರೆ ಬಿಡುತ್ತಾರೆ. ತೂಕ ಏರಿದರೂ ಮಾತ್ರೆಯ ಲೆಕ್ಕ ಹಳೆಯದೇ ಇರುತ್ತದೆ. ಕೆಲಸ ಮುಗಿಸಿ ರಾಯಚೂರಿಗೆ ಮರಳುವ ಕಟ್ಟಡ ಕಾರ್ಮಿಕರ ಜೊತೆ ಉಳಿದ ಮಾತ್ರೆಗಳೂ, ಸರ್ಕಾರದ ಕ್ಷಯರೋಗಿಗಳ ದಾಖಲೆಯಾದ ನಿಕ್ಷಯ್‌ನ ಗುರುತುಸಂಖ್ಯೆಯೂ ಹೋಗಬೇಕು.