ಬ್ರೇಕ್ ಇಲ್ಲದ ಸೈಕಲ್ ಕೊಟ್ಟು ಗುಡ್ಡ ಇಳೀರಿ ಅಂದ್ರು

ಮೂರು ದಿನ ಆಯಿತು, ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಗೆಳೆಯನ ತಂಗಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತಿದ್ದಾಳೆ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ. ಐದು ವಾರ ಕೈ ಅಲ್ಲಾಡಿಸುವ ಹಾಗಿಲ್ಲ. ಅವಳಿಗೆ 19 ವರ್ಷ, ಮುಂದಿನ ತಿಂಗಳು ಸೆಮಿಸ್ಟರ್ ಪರೀಕ್ಷೆ. ಬರೆಯೋ ಕೈ ಅದು.

"ಸೈಕಲ್ ಅಂದ್ಮೇಲೆ ಬೀಳೋದು ಏಳೋದು ಇದ್ದದ್ದೇ" ಅಂತ ಮಾತ್ರ ಹೇಳಬೇಡಿ. ಆ ಮಾತನ್ನು ಸೈಕಲ್ ಕೊಟ್ಟ ಕ್ಯಾಂಪಿನವರ ಬಾಯಲ್ಲೇ ಕೇಳಿಕೊಂಡು ಬಂದಿದ್ದೇನೆ. ಅವಳು ಓಡಿಸೋಕೆ ಬಾರದೆ ಬಿದ್ದಿದ್ದಲ್ಲ. ಅವಳಿಗೆ ಕೊಟ್ಟ ಸೈಕಲ್‌ನಲ್ಲಿ ಹಿಂದಿನ ಬ್ರೇಕ್ ಸತ್ತು ಹೋಗಿತ್ತು. ಅದು ಕೊಟ್ಟವರಿಗೂ ಗೊತ್ತಿತ್ತು.

ಜನವರಿ 26ರ ರಜೆ ಸೋಮವಾರ ಬಿದ್ದಿತ್ತು. ಡೌನ್‌ಹಿಲ್ ಸೈಕ್ಲಿಂಗ್, ಅಂದರೆ ಸೈಕಲ್‌ನಲ್ಲಿ ಗುಡ್ಡ ಇಳಿಯೋದು, ಒಮ್ಮೆ ಮಾಡಿ ನೋಡೋಣ ಅಂತ ನಾವು ಐದು ಜನ ಬಹಳ ದಿನದಿಂದ ಅಂದುಕೊಂಡಿದ್ದೆವು. ಸಕಲೇಶಪುರದ ಕಡೆ ಒಂದು ಕಾಫಿ ತೋಟದೊಳಗಿನ ಕ್ಯಾಂಪು ಸಿಕ್ಕಿತು. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್. ಒಬ್ಬರಿಗೆ 3,800 ರೂಪಾಯಿ. ಅದರಲ್ಲಿ ಒಂದು ರಾತ್ರಿ ಟೆಂಟು, ಊಟ ತಿಂಡಿ, ಸೈಕಲ್, ಹೆಲ್ಮೆಟ್, ಜೊತೆಗೊಬ್ಬ ಗೈಡ್. ಅದರ ಮೇಲೆ ತಲಾ 2,000 ಡೆಪಾಸಿಟ್. ಬುಕ್ ಮಾಡಿದ್ದು ನಾನೇ. ಈ ಗುಂಪಿನಲ್ಲಿ ಎಂಟಿಬಿ, ಅಂದರೆ ಗುಡ್ಡಗಾಡಿನ ಮೌಂಟನ್ ಬೈಕ್ ಸೈಕಲ್, ಓಡಿಸಿ ರೂಢಿ ಇರುವವನು ನಾನೊಬ್ಬನೇ. ಗೆಳೆಯನ ಅಮ್ಮ ಮಗಳನ್ನು ಕಳಿಸಲು ಒಪ್ಪಿರಲಿಲ್ಲ. ಅವರ ಮನೆಗೆ ಹೋಗಿ ಕೂತು, "ನಾನಿದ್ದೀನಲ್ಲ ಆಂಟಿ, ಏನೂ ಆಗಲ್ಲ" ಅಂತ ಒಪ್ಪಿಸಿದವನೂ ನಾನೇ. ಹೊರಡುವಾಗ ಅವರು ಅಂದದ್ದು ಒಂದೇ ಮಾತು: "ಜೋಪಾನ ಕಣಪ್ಪ."

ಟೆಂಟಿನ ಬಗ್ಗೆ, ಊಟದ ಬಗ್ಗೆ ನನ್ನ ದೂರು ಏನೂ ಇಲ್ಲ. ಅಡುಗೆ ಮಾಡುತ್ತಿದ್ದ ಅಕ್ಕ ಬಿಸಿಬಿಸಿ ಕಡುಬು, ಕೋಳಿ ಸಾರು ಬಡಿಸಿದರು. ಬೇಡ ಅಂದರೂ ಇನ್ನೆರಡು ಹಾಕಿದರು. ಕಣದಲ್ಲಿ ಒಣಹಾಕಿದ್ದ ಕಾಫಿಯ ವಾಸನೆ ರಾತ್ರಿಯಿಡೀ ಬರುತ್ತಿತ್ತು. ಅಂಥ ಜಾಗ ಅದು.

ಭಾನುವಾರ ಬೆಳಿಗ್ಗೆ ಸೈಕಲ್ ನೋಡಿದಾಗಲೇ ನನ್ನ ಮುಖ ಸಪ್ಪಗಾಯಿತು. ಬುಕ್ ಮಾಡುವಾಗ ನೋಡಿದ್ದ ಫೋಟೊದಲ್ಲಿ ಇದ್ದದ್ದು ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್, ಗದ್ದದವರೆಗೂ ಮುಚ್ಚುವ ಫುಲ್ ಫೇಸ್ ಹೆಲ್ಮೆಟ್, ಮೊಣಕಾಲಿಗೆ ಪ್ಯಾಡ್. ನಿಜವಾದ ಡೌನ್‌ಹಿಲ್ ಸೈಕಲ್‌ನಲ್ಲಿ ಎರಡೂ ಚಕ್ರಕ್ಕೆ ಹತ್ತಿರ ಹತ್ತಿರ 200 ಮಿಲಿಮೀಟರ್ ಕುಗ್ಗುವ ಸಸ್ಪೆನ್ಷನ್ ಇರುತ್ತದೆ. ಅಲ್ಲಿ ನಿಂತಿದ್ದವು ಮುಂದಷ್ಟೇ ಶಾಕ್ ಇರುವ ಸಾಧಾರಣ ಹಾರ್ಡ್‌ಟೇಲ್‌ಗಳು. ಹೆಲ್ಮೆಟ್ ಪೇಟೆಯೊಳಗೆ ಹಾಕಿಕೊಳ್ಳುವಂಥದ್ದು. ಒಂದರ ಬಕಲ್ ಮುರಿದು, ಪಟ್ಟಿಯನ್ನು ಗಂಟು ಹಾಕಿಟ್ಟಿದ್ದರು. ಮೊಣಕಾಲಿನ ಪ್ಯಾಡ್ ಕೇಳಿದೆ. "ಹಿಂದಿನ ಬ್ಯಾಚಿನವರು ಒದ್ದೆ ಮಾಡಿಬಿಟ್ಟಿದ್ದಾರೆ ಸಾರ್" ಅಂದರು.

ಆದರೂ ಐದೂ ಸೈಕಲ್‌ಗಳ ಬ್ರೇಕ್ ಲಿವರ್ ನಾನೇ ಒತ್ತಿ ನೋಡಿದೆ. ಎಲ್ಲವೂ ಗಟ್ಟಿಯಾಗಿ ಸಿಕ್ಕವು. ಸರ್ವೀಸ್ ಆಗಿದೆಯಾ ಅಂತ ಗೈಡ್‌ನನ್ನು ಬಾಯಿಬಿಟ್ಟು ಕೇಳಿದೆ. "ಹೋದ ವಾರ ತಾನೇ ಆಗಿದೆ" ಅಂದ.

ಈ ಮೋಸ ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳುತ್ತೇನೆ, ಮುಂದೆ ಹೋಗುವವರಿಗೆ ಬೇಕಾಗುತ್ತದೆ. ಅವು ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್‌ಗಳು. ಒಳಗೆ ಎರಡು ಪುಟ್ಟ ಪ್ಯಾಡ್ ಇರುತ್ತವೆ, ಅವು ಡಿಸ್ಕನ್ನು ಕಚ್ಚಿ ಹಿಡಿದರೆ ಚಕ್ರ ನಿಲ್ಲುತ್ತದೆ. ಪ್ಯಾಡ್ ಸವೆದ ಹಾಗೆಲ್ಲ ಲಿವರ್ ಸಡಿಲ ಆಗುತ್ತಾ ಬರುತ್ತದೆ. ಆಗ ಪ್ಯಾಡ್ ಬದಲಾಯಿಸುವ ಬದಲು ಕೇಬಲ್ ಬಿಗಿ ಮಾಡಿಬಿಟ್ಟರೆ ಲಿವರ್ ಮತ್ತೆ ಗಟ್ಟಿ ಆಗುತ್ತದೆ. ಅಂಗಳದಲ್ಲಿ ನಿಂತು ಒತ್ತಿ ನೋಡುವವನಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಪ್ಯಾಡ್ ಇಲ್ಲ ಅನ್ನುವುದು ಗೊತ್ತಾಗುವುದು ಗುಡ್ಡದ ಅರ್ಧಕ್ಕೆ ಬಂದ ಮೇಲೆ.

ದಾರಿ ಅಷ್ಟೇನೂ ಕಡಿದಾಗಿರಲಿಲ್ಲ. ಜೀಪು ಓಡಾಡುವ ಮಣ್ಣುದಾರಿ. ಒಣಗಿದ ಕೆಂಪು ಮಣ್ಣು, ಮೇಲೆ ಸಣ್ಣ ಕಲ್ಲು, ಅದರ ಮೇಲೆ ಸಿಲ್ವರ್ ಓಕ್ ಮರದ ತರಗೆಲೆ. ಮೂರನೇ ತಿರುವಿನ ಹತ್ತಿರ ನನ್ನ ಹಿಂದಿನಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಕೇಳಿಸಿತು. ಆಮೇಲೆ "ಅಣ್ಣಾ, ಬ್ರೇಕ್ ಹಿಡೀತಿಲ್ಲ!" ಅಂತ ಕೂಗು. ಹಿಂದಿನದು ಹಿಡಿಯದೆ ಇದ್ದಾಗ ಯಾರೇ ಆಗಲಿ ಮುಂದಿನದನ್ನು ಒತ್ತುತ್ತಾರೆ. ಅವಳೂ ಅದನ್ನೇ ಮಾಡಿದಳು. ಇಳಿಜಾರಿನಲ್ಲಿ ಮುಂದಿನ ಚಕ್ರ ಒಂದೇ ಸಲ ನಿಂತರೆ ಹಿಂದಿನದು ಮೇಲೆ ಏಳುತ್ತದೆ. ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋಗಿ ಬಿದ್ದಳು, ಬಲ ಅಂಗೈ ಊರಿಕೊಂಡು.

ಅವಳನ್ನು ನೆರಳಿಗೆ ಕೂರಿಸಿ, ಟವಲ್‌ನಲ್ಲಿ ಕೈ ಕಟ್ಟಿದೆವು. ನಾನು ಆ ಸೈಕಲ್ ತಲೆಕೆಳಗೆ ಮಾಡಿ, ಮೊಬೈಲ್ ಟಾರ್ಚ್ ಹಾಕಿ ಬ್ರೇಕಿನೊಳಗೆ ಇಣುಕಿದೆ. ಪ್ಯಾಡ್ ಇರಬೇಕಾದ ಜಾಗದಲ್ಲಿ ತಗಡು ಪಳಪಳ ಅಂತಿತ್ತು. ಡಿಸ್ಕಿನ ಮೇಲೆ ಗ್ರಾಮಫೋನ್ ಪ್ಲೇಟಿನ ಹಾಗೆ ಸುತ್ತ ಗೀರು. ಬೆರಳು ಇಟ್ಟೆ, ಸುಟ್ಟಿತು. ಒಂದು ವಾರದಲ್ಲಿ ಆದ ಸವೆತ ಅಲ್ಲ ಅದು. ತಿಂಗಳುಗಟ್ಟಲೆ ಹಾಗೇ ಓಡಿಸಿದ್ದಾರೆ.

ಸೈಕಲ್ ತೊಳೆದು ನೋಡಿಕೊಳ್ಳುವ ಹುಡುಗನೊಬ್ಬ ಜೀಪಿನಲ್ಲಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಯಾರಿಗೂ ಕೇಳಿಸದ ಹಾಗೆ ಹೇಳಿದ: "ಅಣ್ಣ, ಪ್ಯಾಡ್ ತರಿಸಿ ಅಂತ ದಸರಾದಿಂದ ಕೇಳ್ತಾನೇ ಇದ್ದೀನಿ. ಕೇಬಲ್ ಟೈಟ್ ಮಾಡು ಸಾಕು ಅಂತಾರೆ." ಅವನ ಮೇಲೆ ನನಗೆ ಎಳ್ಳಷ್ಟೂ ಕೋಪ ಇಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ.

ಪ್ಯಾಡ್ ಎಷ್ಟು ಬೆಲೆ ಗೊತ್ತಾ? ನನ್ನ ಸೈಕಲ್‌ಗೆ ಹೋದ ಸಲ ಒಂದು ಜೊತೆ ಹಾಕಿಸಿದಾಗ 350 ರೂಪಾಯಿ ಕೊಟ್ಟೆ. ಹಾಕುವುದು ಹತ್ತು ನಿಮಿಷದ ಕೆಲಸ. ನಾವು ಐದು ಜನ ಒಂದು ದಿನಕ್ಕೆ 19,000 ಕೊಟ್ಟಿದ್ದೆವು. ಅದರಲ್ಲಿ 350 ತೆಗೆದಿಡೋಕೆ ಆಗಲಿಲ್ಲ.

1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿಯ ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಒಂದಷ್ಟು ಹುಡುಗರು ಹಳೇ ಸೈಕಲ್ ತಗೊಂಡು ಗುಡ್ಡ ಇಳಿಯುವ ರೇಸ್ ಶುರು ಮಾಡಿದರು. ಈ ಆಟ ಬೆಳೆದದ್ದೇ ಅಲ್ಲಿಂದ. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಆಗ. ಒಂದು ಸಲ ಕೆಳಗೆ ಇಳಿದು ಬರುವಷ್ಟರಲ್ಲಿ ಹಬ್, ಅಂದರೆ ಚಕ್ರದ ನಡುವಿನ ಗುಂಬ, ಅದರೊಳಗಿನ ಗ್ರೀಸ್ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು. ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಅದಕ್ಕೇ ಆ ದಾರಿಗೆ ರೀಪ್ಯಾಕ್, ಅಂದರೆ ಮತ್ತೆ ತುಂಬೋದು, ಅಂತ ಹೆಸರು ಬಂತು. ಕೈಯಲ್ಲಿ ಕಾಸಿಲ್ಲದೆ ಗುಜರಿ ಸೈಕಲ್ ಓಡಿಸುತ್ತಿದ್ದವರಿಗೂ ಬ್ರೇಕ್ ಸರಿ ಮಾಡಿಕೊಳ್ಳದೆ ಗುಡ್ಡ ಇಳಿಯಬಾರದು ಅಂತ ಗೊತ್ತಿತ್ತು. ಐವತ್ತು ವರ್ಷ ಆದಮೇಲೆ ದುಡ್ಡು ತಗೊಂಡು ಬಾಡಿಗೆಗೆ ಕೊಡುವವರಿಗೆ ಗೊತ್ತಿಲ್ಲ ಅಂದರೆ ನಾನು ನಂಬಲ್ಲ.

ಮೊದಲು ಸಕಲೇಶಪುರದಲ್ಲಿ ತೋರಿಸಿ, ಅಲ್ಲಿಂದ ಹಾಸನಕ್ಕೆ ಕರೆದುಕೊಂಡು ಹೋದೆವು. ನಮ್ಮದೇ ಕಾರು, ನಮ್ಮದೇ ಖರ್ಚು. ಕ್ಯಾಂಪಿನಿಂದ ಒಬ್ಬರೂ ಜೊತೆಗೆ ಬರಲಿಲ್ಲ. ದಾರಿಯುದ್ದಕ್ಕೂ ಅವಳು ಅಳಲಿಲ್ಲ. "ಅಮ್ಮಂಗೆ ಈಗ್ಲೇ ಹೇಳ್ಬೇಡಿ ಅಣ್ಣ" ಅಂತ ಮಾತ್ರ ಹೇಳುತ್ತಿದ್ದಳು.

ಮಧ್ಯಾಹ್ನ ಬ್ಯಾಗ್ ತಗೊಂಡು ಹೋಗೋಕೆ ವಾಪಸ್ ಬಂದೆವು. ಆಗ ಓನರ್ ಬಂದರು. ಕೈ ಹೇಗಿದೆ ಅಂತ ಕೇಳಲಿಲ್ಲ. ಹ್ಯಾಂಡಲ್ ಬಾಗಿದೆ, ಡಿಸ್ಕ್ ಸೊಟ್ಟ ಆಗಿದೆ, ಆದ್ದರಿಂದ ಅವಳ ಡೆಪಾಸಿಟ್ ವಾಪಸ್ ಇಲ್ಲ ಅಂದರು. ಪ್ಲಾಸ್ಟರ್ ಹಾಕಿದ ಹುಡುಗಿ ಎದುರಿಗೇ ಕಲ್ಲುಬೆಂಚಿನ ಮೇಲೆ ಕೂತಿದ್ದಳು! ನಾನು ಟಾರ್ಚ್ ಹಿಡಿದು ತೆಗೆದ ಫೋಟೊ ತೋರಿಸಿದೆ. ಅವರು ಒಂದು ಕಾಗದ ತೋರಿಸಿದರು. ಬೆಳಿಗ್ಗೆ ನಾವು ಸಹಿ ಹಾಕಿದ್ದ ಕಾಗದ, ಏನೇ ಆದರೂ ನಮ್ಮದೇ ಜವಾಬ್ದಾರಿ ಅಂತ.

ನಾನು ಸಹಿ ಹಾಕಿದ್ದು ಗುಡ್ಡಕ್ಕೆ. ಕಲ್ಲಿಗೆ, ತಿರುವಿಗೆ, ನನಗೆ ಸರಿಯಾಗಿ ಓಡಿಸೋಕೆ ಬಾರದೆ ಇದ್ದರೆ ಅದಕ್ಕೆ. ನಿಮ್ಮ ಸವೆದ ಪ್ಯಾಡಿಗೆ ನಾನು ಯಾವ ಸಹಿಯನ್ನೂ ಹಾಕಿಲ್ಲ. ಅಲ್ಲಿ ಇದನ್ನೇ ಹೇಳಿದೆ. ಅವರು ಫೋನ್ ಕಿವಿಗಿಟ್ಟುಕೊಂಡು ಒಳಗೆ ಹೋದರು.

ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುವುದು ಖಂಡಿತ. ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದವರೆಗೆ ಸಮಯ ಇದೆ. ಬುಕ್ಕಿಂಗ್ ರಸೀದಿ, ಫೋಟೊ, ಎಕ್ಸ್‌ರೇ, ಆಸ್ಪತ್ರೆ ಬಿಲ್ಲು ಎಲ್ಲ ಒಂದು ಫೈಲಿಗೆ ಹಾಕಿಟ್ಟಿದ್ದೇನೆ. ಆ 2,000 ರೂಪಾಯಿಗಾಗಿ ಅಲ್ಲ. ನಿನ್ನೆ ಅವರ ಮನೆಗೆ ಹೋಗಿದ್ದೆ. ಆಂಟಿ ನನಗೆ ಒಂದು ಮಾತೂ ಬೈಯಲಿಲ್ಲ. ಮಗಳಿಗೆ ಅನ್ನ ಕಲಸಿ ತುತ್ತು ಕೊಡುತ್ತಾ, "ನೀನೂ ಊಟ ಮಾಡ್ಕೊಂಡು ಹೋಗು" ಅಂದರು. ಅಲ್ಲಿ ನನ್ನಿಂದ ಕೂತಿರೋಕೆ ಆಗಲಿಲ್ಲ.

ಇನ್ನೊಂದು ಹೇಳಲೇಬೇಕು. ಭಾನುವಾರ ನಾವು ಹೊರಡುವ ಹೊತ್ತಿಗೆ ಆ ಸೈಕಲ್ ತೊಳೆದು ಸಾಲಿನಲ್ಲಿ ನಿಲ್ಲಿಸಿದ್ದರು. ಫ್ರೇಮಿನ ಮೇಲೆ ಬಿಳಿ ಪೇಂಟಿನಲ್ಲಿ 7 ಅಂತ ಬರೆದಿದೆ. ಹ್ಯಾಂಡಲ್ ಸುಮಾರಾಗಿ ನೇರ ಮಾಡಿದ್ದರು. ಬಗ್ಗಿ ನೋಡಿದೆ, ಪ್ಯಾಡ್ ಅದೇ. ಕೇಬಲ್ ಮಾತ್ರ ಇನ್ನೊಂದು ಸುತ್ತು ಬಿಗಿಯಾಗಿತ್ತು. ಅಷ್ಟರಲ್ಲಿ ಗೇಟಿನೊಳಗೆ ಒಂದು ಟೆಂಪೋ ಟ್ರಾವೆಲರ್ ಬಂತು, ತುಂಬ ಕಾಲೇಜು ಹುಡುಗ ಹುಡುಗಿಯರು, ಹಾಡು ಹಾಕಿಕೊಂಡು ಕೇಕೆ ಹೊಡೆಯುತ್ತಾ ಇಳಿದರು. ನಾನು ಓಡಿಹೋಗಿ ಒಬ್ಬನ ಕೈ ಹಿಡಿದು ಹೇಳಿದೆ: "ಏಳನೇ ನಂಬರ್ ಸೈಕಲ್ ಯಾರೂ ತಗೋಬೇಡಿ. ಉಳಿದವುಗಳ ಪ್ಯಾಡೂ ಟಾರ್ಚ್ ಹಾಕಿ ನೋಡಿ." ಅವನು ನನ್ನ ಮುಖ ನೋಡಿದ, ಹಿಂದೆ ಕಾರಿನಲ್ಲಿ ಪ್ಲಾಸ್ಟರ್ ಹಾಕಿಕೊಂಡು ಕೂತವಳನ್ನು ನೋಡಿದ. ಅಷ್ಟೊತ್ತಿಗೆ ಗೈಡ್ ಬಂದು ಅವನ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದ. "ಬನ್ನಿ ಸಾರ್, ಎಲ್ಲಾ ಹೋದ ವಾರ ಸರ್ವೀಸ್ ಆಗಿದೆ" ಅಂತ ಅವನು ಹೇಳಿದ್ದು ನನಗೆ ಕೇಳಿಸಿತು.